ಮಗ ಡಬಲ್ಸ್ ಆಡುತ್ತಾನೆ, ಬಿಡಿಸಬೇಕೇ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಮಗನಿಗೆ 17 ವರ್ಷ. ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಾ ಟೆನಿಸ್ ಕಲಿಯುತ್ತಿದ್ದಾನೆ. ಸಿಂಗಲ್ಸ್‌ನಲ್ಲಿ ಒಂದೆರಡು ಸುತ್ತಿಗೇ ಸೋಲುತ್ತಾನೆ, ಗೆಳೆಯನ ಜತೆ ಡಬಲ್ಸ್ ಆಡಿದರೆ ಸೆಮಿಫೈನಲ್‌ವರೆಗೂ ಹೋಗುತ್ತಾನೆ. 2023ರ ಅಕ್ಟೋಬರ್‌ನಲ್ಲಿ ಧಾರವಾಡದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಪುರುಷರ ಟೂರ್ನಿ ತೋರಿಸಲು ಕರೆದುಕೊಂಡು ಹೋಗಿದ್ದೆ. ಸಿಂಗಲ್ಸ್ ಮುಗಿದ ಮೇಲೆ ಜನ ಎದ್ದು ಹೋದರು, ಡಬಲ್ಸ್‌ಗೆ ನಾವು ಕೆಲವರೇ ಉಳಿದೆವು. ಮೂರನೇ ಸೆಟ್ ಆಡಿಸದೆ ಹತ್ತು ಅಂಕಕ್ಕೆ ಮುಗಿಸಿಬಿಟ್ಟರು. ಮಗನಿಗೆ ಮಾತ್ರ ಅಂದಿನಿಂದ ಡಬಲ್ಸ್‌ನದೇ ಧ್ಯಾನ. ‘ಅದು ಸಮಯ ಹಾಳು, ಸಿಂಗಲ್ಸ್ ಸೋತವರ ಆಟ’ ಎಂದು ಅವನ ಕೋಚ್ ಹೇಳುತ್ತಾರೆ. ಈಗ ಜತೆಗಾರನೂ ಎಂಜಿನಿಯರಿಂಗ್ ಓದಲು ಮಂಗಳೂರಿಗೆ ಹೊರಟಿದ್ದಾನೆ. ಈ ಕೆಳಹಂತದ ವೃತ್ತಿಪರ ಟೂರ್ನಿಗಳಲ್ಲಿ ಡಬಲ್ಸ್ ಹೇಗೆ ನಡೆಯುತ್ತದೆ? ಮಗ ಅದನ್ನು ನಂಬಿಕೊಳ್ಳಬಹುದೇ?

ಉತ್ತರ: ಬಿಡಿಸಬೇಡಿ. ಹಾಗೆಂದು ಈ ವಯಸ್ಸಿನಲ್ಲಿ ಅದೊಂದನ್ನೇ ನಂಬಿಕೊಂಡು ಸಿಂಗಲ್ಸ್ ಕೈಬಿಡುವುದೂ ಬೇಡ. ಶಿವಮೊಗ್ಗದಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಾ, ನಡುನಡುವೆ ಟೂರ್ನಿಗಳಲ್ಲಿ ಅಂಪೈರ್ ಕುರ್ಚಿಯಲ್ಲಿ ಕೂರುತ್ತಾ ಬಂದವನು ನಾನು. ‘ಸೋತವರ ಆಟ’ ಎಂಬ ಮಾತು ನನ್ನ ಕಿವಿಗೂ ಎಷ್ಟೋ ಸಲ ಬಿದ್ದಿದೆ, ಬಿದ್ದಾಗಲೆಲ್ಲ ಸಂಕಟವಾಗಿದೆ. ಹಾಗೆನ್ನುವವರು ಒಂದು ಡಬಲ್ಸ್ ಪಂದ್ಯವನ್ನು ನೆಟ್‌ನ ಪಕ್ಕದಲ್ಲಿ ನಿಂತು ಪೂರ್ತಿ ನೋಡಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ.

ನೀವು ಧಾರವಾಡದಲ್ಲಿ ನೋಡಿದ್ದು ಎಂ25 ದರ್ಜೆಯ ಟೂರ್ನಿ. ಸಿಂಗಲ್ಸ್ ಪ್ರಶಸ್ತಿ ರಾಮಕುಮಾರ್ ರಾಮನಾಥನ್ ಅವರ ಪಾಲಾಯಿತು. ಅದೇ ವರ್ಷ ಮೈಸೂರು ಮತ್ತು ಕಲಬುರಗಿಯಲ್ಲೂ ಇದೇ ದರ್ಜೆಯ ಟೂರ್ನಿಗಳು ನಡೆದವು. ವೃತ್ತಿಪರ ಟೆನಿಸ್‌ನ ಏಣಿಯಲ್ಲಿ ಪುರುಷರಿಗೆ ಎಂ15, ಎಂ25 ಕೆಳಗಿನ ಮೆಟ್ಟಿಲುಗಳು. ಮೇಲೆ ಚಾಲೆಂಜರ್, ಅದರ ಮೇಲೆ ವೃತ್ತಿಪರ ಪುರುಷ ಆಟಗಾರರ ಸಂಘದ ಎಟಿಪಿ ಟೂರ್, ತುದಿಯಲ್ಲಿ ನಾಲ್ಕು ಗ್ರ್ಯಾಂಡ್‌ಸ್ಲಾಮ್. ಮಹಿಳೆಯರಿಗೆ ಡಬ್ಲ್ಯು15, ಡಬ್ಲ್ಯು35 ಎಂದು ಏಣಿ ಬೇರೆ. ಎಂ15 ಎಂದರೆ ಒಟ್ಟು ಬಹುಮಾನ 15,000 ಡಾಲರ್. ಎಂ25ರಲ್ಲಿ ಆಗ 25,000 ಇತ್ತು, 2025ರಿಂದ 30,000 ಆಗಿದೆ, ಹೆಸರು ಹಳೆಯದೇ ಉಳಿದಿದೆ.

ಇಂಥ ಟೂರ್ನಿಯ ಡಬಲ್ಸ್ ಡ್ರಾದಲ್ಲಿ (ಯಾರಿಗೆ ಯಾರು ಎದುರು ಎಂಬ ಪಟ್ಟಿ) ಸಾಮಾನ್ಯವಾಗಿ 16 ಜೋಡಿಗಳಿರುತ್ತವೆ. ನಾಲ್ಕು ಪಂದ್ಯ ಗೆದ್ದರೆ ಪ್ರಶಸ್ತಿ. ಡಬಲ್ಸ್ ಫೈನಲ್ ಹೆಚ್ಚಾಗಿ ಶನಿವಾರ, ಸಿಂಗಲ್ಸ್ ಫೈನಲ್ ಭಾನುವಾರ. ಒಬ್ಬನೇ ಎರಡನ್ನೂ ಆಡುವುದಿದ್ದರೆ ಮೊದಲು ಸಿಂಗಲ್ಸ್, ಆಮೇಲೆ ಡಬಲ್ಸ್. ನಡುವೆ ಕಡ್ಡಾಯ ವಿಶ್ರಾಂತಿ ಇದೆ: ಸಿಂಗಲ್ಸ್ ಒಂದು ಗಂಟೆಯೊಳಗೆ ಮುಗಿದಿದ್ದರೆ ಅರ್ಧ ಗಂಟೆ, ಒಂದೂವರೆ ಗಂಟೆಯೊಳಗೆ ಮುಗಿದಿದ್ದರೆ ಒಂದು ಗಂಟೆ, ಅದಕ್ಕೂ ಮೀರಿದ್ದರೆ ಒಂದೂವರೆ ಗಂಟೆ. ಹಾಗಾಗಿಯೇ ಡಬಲ್ಸ್ ಹೊತ್ತು ಇಳಿದ ಮೇಲೆ ಶುರುವಾಗುವುದು, ಜನ ಎದ್ದು ಹೋಗಿರುವುದು.

ಅಂಗಳದಲ್ಲೂ ಆ ಹೊತ್ತಿಗೆ ಒಂದು ಸಣ್ಣ ಕೆಲಸ ನಡೆಯುತ್ತದೆ. ಡಬಲ್ಸ್ ನೆಟ್ ಕಟ್ಟಿದ ಕೋರ್ಟಿನಲ್ಲಿ ಸಿಂಗಲ್ಸ್ ಆಡಿಸುವಾಗ, ಸಿಂಗಲ್ಸ್ ಗೆರೆಯಿಂದ ಮೂರು ಅಡಿ ಆಚೆಗೆ ನೆಟ್‌ನ ಕೆಳಗೆ ಎರಡು ಕೋಲುಗಳನ್ನು ಊರಿರುತ್ತಾರೆ. ನೆಟ್ ಅಲ್ಲಿ ಮೂರೂವರೆ ಅಡಿ ಎತ್ತರಕ್ಕೆ ನಿಲ್ಲಲಿ ಎಂದು. ಡಬಲ್ಸ್‌ಗೆ ಮುನ್ನ ಆ ಕೋಲುಗಳನ್ನು ಕಿತ್ತು ಬದಿಗಿಡುತ್ತಾರೆ. ಕೋಲು ತೆಗೆದ ಕ್ಷಣ ಕೋರ್ಟು ಅಗಲವಾಗುತ್ತದೆ, 27 ಅಡಿ ಇದ್ದದ್ದು 36 ಅಡಿ. ಬದಿಗೆ ನಾಲ್ಕೂವರೆ ಅಡಿಯ ಒಂದೊಂದು ಪಟ್ಟಿ ಸೇರುತ್ತದೆ, ಅಷ್ಟೇ. ಆದರೆ ಆ ಪಟ್ಟಿಗಳು ಸೇರಿದ ಮೇಲೆ ಅಲ್ಲಿ ನಡೆಯುವುದು ಬೇರೆಯೇ ಆಟ.

ಜೋಡಿ ಡ್ರಾಕ್ಕೆ ಹೇಗೆ ಸೇರುತ್ತದೆ ಎಂಬುದನ್ನು ತಂದೆ ತಾಯಂದಿರು ಕೇಳುವುದೇ ಇಲ್ಲ. ಮೊದಲ ಸುತ್ತಿನ ಸೋಲಿಗಿಂತ ಹೆಚ್ಚು ಹುಡುಗರು ಮುಗ್ಗರಿಸುವುದು ಅಲ್ಲೇ. ಇಬ್ಬರ ರ‍್ಯಾಂಕಿಂಗ್ ಕೂಡಿಸುತ್ತಾರೆ. ಒಬ್ಬನದು 700, ಇನ್ನೊಬ್ಬನದು 900 ಆದರೆ ಜೋಡಿಯದು 1,600. ಮೊತ್ತ ಕಡಿಮೆ ಇದ್ದಷ್ಟೂ ಮುಂದೆ. ಬಾಗಿಲಲ್ಲಿ ನಿಂತ ಜೋಡಿಗೆ ಕೆಲವು ಅಂಕಿಗಳ ಅಂತರದಲ್ಲಿ ಅವಕಾಶ ತಪ್ಪಿ ಹೋಗುತ್ತದೆ. ಟೂರ್ನಿಗೆ ಬಂದಿಳಿದ ಹುಡುಗರು ರ‍್ಯಾಕೆಟ್ ಚೀಲವನ್ನೂ ಇಳಿಸದೆ ‘ನಿನಗೆ ಜತೆ ಸಿಕ್ಕಿತೇ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಾ ಓಡಾಡುವುದನ್ನು ನೋಡಿದ್ದೇನೆ. ಪರಿಚಯವೇ ಇಲ್ಲದ ಇಬ್ಬರು ಮೊತ್ತ ಸರಿಹೊಂದಿತು ಎಂಬ ಒಂದೇ ಕಾರಣಕ್ಕೆ ಮರುದಿನ ಒಟ್ಟಿಗೆ ಅಂಗಳಕ್ಕಿಳಿಯುತ್ತಾರೆ. ರ‍್ಯಾಂಕಿಂಗ್ ಇಲ್ಲದ ಸ್ಥಳೀಯ ಜೋಡಿಗೆ ಹೆಚ್ಚಾಗಿ ವೈಲ್ಡ್ ಕಾರ್ಡ್ (ಸಂಘಟಕರು ಕೊಡುವ ನೇರ ಪ್ರವೇಶ) ಒಂದೇ ದಾರಿ. ಹೆಸರು ಕೊಡುವ ಗಡುವು ಪ್ರತಿ ಟೂರ್ನಿಯ ಫ್ಯಾಕ್ಟ್‌ಶೀಟ್‌ನಲ್ಲಿರುತ್ತದೆ, ಅದನ್ನು ನಿಮ್ಮ ಮಗನೇ ಓದಿ ಬರೆದಿಟ್ಟುಕೊಳ್ಳಲಿ. ಐಟಿಎಫ್‌ನ ಐಪಿನ್ (ಆಟಗಾರನ ಗುರುತು ಸಂಖ್ಯೆ) ನೋಂದಣಿ ಮಾಡಿಸಿಲ್ಲವಾದರೆ ಮೊದಲು ಅದನ್ನು ಮುಗಿಸಿ.

ಇನ್ನು ನಿಮಗೆ ಅರೆಬರೆ ಎನಿಸಿದ ಆ ಹತ್ತು ಅಂಕ. ಈ ಹಂತದ ಡಬಲ್ಸ್‌ನಲ್ಲಿ ಎರಡು ಸೆಟ್ ಮಾಮೂಲಿನಂತೆ ನಡೆಯುತ್ತದೆ. ಒಂದೊಂದು ಸೆಟ್ ಹಂಚಿಕೊಂಡರೆ ಮೂರನೆಯದರ ಬದಲು ಹತ್ತು ಅಂಕಗಳ ಮ್ಯಾಚ್ ಟೈಬ್ರೇಕ್. ಮೊದಲು ಹತ್ತು ತಲುಪಿದವರಿಗೆ ಪಂದ್ಯ, ಆದರೆ ಎರಡು ಅಂಕದ ಅಂತರ ಬೇಕು. ಪ್ರತಿ ಆರು ಅಂಕಕ್ಕೆ ಬದಿ ಬದಲು. ಇದು ಕೆಳಹಂತಕ್ಕೆಂದು ಮಾಡಿದ ಅಗ್ಗದ ನಿಯಮವಲ್ಲ. ಎಟಿಪಿ ಟೂರ್‌ನ ಡಬಲ್ಸ್ 2006ರಿಂದ ಇದೇ ಕ್ರಮದಲ್ಲಿ ನಡೆಯುತ್ತಿದೆ. ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಅಂದಾಜಿಗೆ ಸಿಗುತ್ತದೆ, ಸಿಂಗಲ್ಸ್ ಆಟಗಾರರು ಡಬಲ್ಸ್‌ಗೂ ಹೆಸರು ಕೊಡಲು ಹಿಂಜರಿಯುವುದಿಲ್ಲ.

ಜತೆಗೆ ಇನ್ನೊಂದು ನಿಯಮವಿದೆ, ನನಗೆ ಅದು ಬಹಳ ಇಷ್ಟ. ಗೇಮ್ 40-40 ಆದರೆ ಅಡ್ವಾಂಟೇಜ್ ಇಲ್ಲ, ಅಂದರೆ ಎರಡು ಅಂಕದ ಮುನ್ನಡೆ ಬೇಕಿಲ್ಲ, ಒಂದೇ ಅಂಕದಲ್ಲಿ ತೀರ್ಮಾನ. ಸರ್ವ್ ಯಾವ ಅಂಕಣಕ್ಕೆ ಬರಬೇಕು, ಬಲಕ್ಕೋ ಎಡಕ್ಕೋ ಎಂಬುದನ್ನು ಎದುರಿಸುವ ಜೋಡಿ ಆರಿಸುತ್ತದೆ. ಕುರ್ಚಿಯಿಂದ ‘ಡ್ಯೂಸ್, ಡಿಸೈಡಿಂಗ್ ಪಾಯಿಂಟ್, ರಿಸೀವರ್ಸ್ ಚಾಯ್ಸ್’ ಎಂದು ಕೂಗುವಾಗ ಎಷ್ಟು ವರ್ಷದ ಅನುಭವವಿದ್ದರೂ ನನ್ನ ಎದೆ ಒಂದು ಕ್ಷಣ ಬಿಗಿಯುತ್ತದೆ.

ಅಂಥ ಒಂದು ಅಂಕವನ್ನು ಹೇಳುತ್ತೇನೆ. ಸರ್ವ್ ಮಾಡುವವನು ಎಡಗೈ ಆಟಗಾರ. ಎಡಗೈಯವನ ಸರ್ವ್ ಎಡ ಅಂಕಣದಲ್ಲಿ ಹೊರಕ್ಕೆ ಜಾರಿ ಎದುರಾಳಿಯನ್ನು ಪಟ್ಟಿಯಾಚೆಗೆ ಎಳೆದೊಯ್ಯುತ್ತದೆ. ಅದಕ್ಕೆ ಎದುರಾಳಿಗಳು ಬಲ ಅಂಕಣ ಆರಿಸಿದರು. ನೆಟ್‌ನ ಬಳಿ ಬಗ್ಗಿ ನಿಂತಿದ್ದ ಜತೆಗಾರ ಬೆನ್ನ ಹಿಂದೆ ಕೈ ತಂದ. ತೋರುಬೆರಳು ಕೆಳಕ್ಕೆ, ಅಂದರೆ ಸರ್ವ್ ನಡುಗೆರೆಗೆ. ಆಮೇಲೆ ಬಿಗಿಮುಷ್ಟಿ, ಅಂದರೆ ನಾನು ಕದಲುವುದಿಲ್ಲ. ಇದು ಅವರಿಬ್ಬರ ಸಂಕೇತ, ಪ್ರತಿ ಜೋಡಿಯೂ ತನ್ನದನ್ನು ತಾನೇ ಕಟ್ಟಿಕೊಳ್ಳುತ್ತದೆ. ಚೆಂಡು ಗಾಳಿಗೆ ಹೋಯಿತು. ಸರ್ವ್ ನಡುಗೆರೆಯನ್ನು ಕೆತ್ತಿಕೊಂಡು ಹೋಗುತ್ತಿದ್ದಂತೆ ನೆಟ್‌ನವನು ಬಲ ಭುಜವನ್ನು ಒಂದು ಗೇಣು ನಡುವಿನತ್ತ ವಾಲಿಸಿದ. ಓಡುತ್ತಾನೆ ಎಂದುಕೊಂಡ ಎದುರಾಳಿ, ಅವನು ಬಿಟ್ಟು ಹೋಗುವ ಜಾಗಕ್ಕೆಂದು ಚೆಂಡನ್ನು ಗೆರೆಯುದ್ದಕ್ಕೆ ನೇರವಾಗಿ ಹೊಡೆದ. ನೆಟ್‌ನವನು ಎಲ್ಲಿಗೂ ಹೋಗಿರಲಿಲ್ಲ. ಚೆಂಡು ರ‍್ಯಾಕೆಟ್‌ಗೆ ಬಂತು, ಅಲ್ಲಿಂದ ಎದುರಾಳಿಗಳ ಕಾಲಿನ ನಡುವೆ ಬಿತ್ತು. ಮೂರು ಹೊಡೆತ, ಎರಡು ಸೆಕೆಂಡ್, ಒಂದು ಗೇಮ್. ನೋಡಿದವರು ಹತ್ತು ಜನವೂ ಇರಲಿಲ್ಲ.

ಆ ಭುಜ ವಾಲಿಸುವುದು ಸಿಂಗಲ್ಸ್‌ನಲ್ಲಿ ಕಲಿಯಲು ಸಿಗುವುದಿಲ್ಲ. ನಮ್ಮ ತೋಟಗಳಲ್ಲಿ ಅಡಿಕೆ ಕೊನೆ (ಗೊಂಚಲು) ಕೊಯ್ಲನ್ನು ನೀವು ನೋಡಿಯೇ ಇರುತ್ತೀರಿ. ಮರದ ತಲೆಯಲ್ಲಿ ಕೊನೆಗಾರ, ಬುಡದಿಂದ ದೂರದಲ್ಲಿ ಹಗ್ಗ ಹಿಡಿದವನು. ಮೇಲಿನವನು ಕೊನೆ ಕಿತ್ತು ಹಗ್ಗಕ್ಕೆ ಬಿಡುವ ಹೊತ್ತು ಕೆಳಗಿನವನಿಗೆ ಹೇಳದೆಯೇ ಗೊತ್ತಿರಬೇಕು. ಹಗ್ಗ ಸಡಿಲವಾದರೆ ಅಡಿಕೆ ನೆಲಕ್ಕೆ ಬಡಿದು ಚದುರುತ್ತದೆ. ಸರ್ವ್ ಮಾಡುವವನಿಗೂ ನೆಟ್‌ನಲ್ಲಿ ನಿಂತವನಿಗೂ ಇರಬೇಕಾದ ನಂಟು ಅದೇ. ಹೊಸ ಮಕ್ಕಳಿಗೆ ನಾನು ಅದನ್ನೇ ಹೇಳುವುದು, ಮಲೆನಾಡಿನ ಮಕ್ಕಳಿಗೆ ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ.

ಈಗ ಕೋಚ್ ಹೇಳಿದ್ದರಲ್ಲಿ ನಿಜವಿರುವ ಭಾಗಕ್ಕೆ ಬರುತ್ತೇನೆ. ಈ ಹಂತದಲ್ಲಿ ಡಬಲ್ಸ್ ಒಂದರಿಂದ ಹೊಟ್ಟೆ ಹೊರೆಯಲು ಆಗುವುದಿಲ್ಲ. 15,000 ಡಾಲರ್ ಎಂಬುದು ಇಡೀ ಟೂರ್ನಿಯ ಮೊತ್ತ. ಅದರ ದೊಡ್ಡ ಪಾಲು ಸಿಂಗಲ್ಸ್‌ಗೆ ಹೋಗುತ್ತದೆ, ಉಳಿದದ್ದು 16 ಜೋಡಿಗಳ ನಡುವೆ ಹಂಚಿ, ಆಮೇಲೆ ಜೋಡಿಯೊಳಗೆ ಎರಡು ಭಾಗವಾಗಬೇಕು. ಪ್ರಯಾಣ, ಕೊಠಡಿ, ಊಟ, ತಂತಿ ಕಟ್ಟಿಸುವ ಖರ್ಚು ಕಳೆದರೆ ಪ್ರಶಸ್ತಿ ಗೆದ್ದ ವಾರವೂ ಕೈಯಲ್ಲಿ ಹೆಚ್ಚೇನೂ ನಿಲ್ಲದು. ನಿಮ್ಮ ಮನೆಯ ಲೆಕ್ಕದಲ್ಲಿ ಮುಂದಿನ ಕೆಲವು ವರ್ಷ ಇದು ಖರ್ಚಿನ ಕಡೆಗೇ ಇರುತ್ತದೆ. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ.

ಆದರೆ ಅಂಕಗಳ ಲೆಕ್ಕ ಬೇರೆ. ಹಣ ಎರಡು ಪಾಲಾಗುತ್ತದೆ, ಅಂಕ ಆಗುವುದಿಲ್ಲ. ಎಂ15 ಡಬಲ್ಸ್ ಗೆದ್ದರೆ ಇಬ್ಬರಿಗೂ ತಲಾ 15 ಎಟಿಪಿ ಅಂಕ, ಎಂ25 ಗೆದ್ದರೆ ತಲಾ 25, ಚಾಲೆಂಜರ್‌ಗಳಲ್ಲಿ ಕೆಳಗಿನ ದರ್ಜೆಯಾದ ಚಾಲೆಂಜರ್ 50 ಗೆದ್ದರೆ ತಲಾ 50. ಅವು 52 ವಾರ ಹೆಸರಿನಲ್ಲಿ ನಿಲ್ಲುತ್ತವೆ. ಡಬಲ್ಸ್ ರ‍್ಯಾಂಕಿಂಗ್ ಸಿಂಗಲ್ಸ್‌ನಿಂದ ಪೂರ್ತಿ ಪ್ರತ್ಯೇಕ. ಸಿಂಗಲ್ಸ್‌ನಲ್ಲಿ ಚಾಲೆಂಜರ್‌ನ ಅರ್ಹತಾ ಸುತ್ತಿಗೂ ಕಾಲಿಡಲಾಗದ ಆಟಗಾರ ಡಬಲ್ಸ್ ರ‍್ಯಾಂಕಿಂಗ್‌ನ ಬಲದಿಂದ ಅದೇ ಟೂರ್ನಿಯ ಮುಖ್ಯ ಡ್ರಾದಲ್ಲಿ ಆಡುವುದಿದೆ. ಅಲ್ಲಿ ತನಗಿಂತ ಎಷ್ಟೋ ಮೇಲಿನವರ ಸರ್ವ್ ಎದುರಿಸುತ್ತಾನೆ, ಅವರ ಅಭ್ಯಾಸ ನೋಡುತ್ತಾನೆ. ಮೊದಲ ದಿನವೇ ಸಿಂಗಲ್ಸ್ ಸೋತು ಬಸ್ ಹತ್ತುವ ಬದಲು ವಾರದ ಕೊನೆಯವರೆಗೂ ಆ ಅಂಗಳದಲ್ಲೇ ಇರುತ್ತಾನೆ. 17ರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ.

ಜೂನಿಯರ್ ಹಂತದಲ್ಲೂ ಡಬಲ್ಸ್‌ಗೆ ಬೆಲೆ ಇದೆ. ಐಟಿಎಫ್ ಜೂನಿಯರ್ ರ‍್ಯಾಂಕಿಂಗ್‌ಗೆ ಸಿಂಗಲ್ಸ್‌ನ ಆರು ಅತ್ಯುತ್ತಮ ಫಲಿತಾಂಶಗಳ ಜತೆಗೆ ಡಬಲ್ಸ್‌ನ ಆರು ಅತ್ಯುತ್ತಮ ಫಲಿತಾಂಶಗಳ ಕಾಲು ಭಾಗ ಸೇರುತ್ತದೆ. ಕಾಲು ಭಾಗ ಎಂದರೆ ಸಿಂಗಲ್ಸ್ ಬಿಡಬೇಡ ಎಂಬ ಸೂಚನೆಯೂ ಅದರಲ್ಲೇ ಇದೆ. ಅಮೆರಿಕದ ಕಾಲೇಜುಗಳಲ್ಲಿ ಆಟ ಮತ್ತು ಓದು ಎರಡನ್ನೂ ಮುಂದುವರಿಸುವ ಯೋಚನೆ ನಿಮಗಿದ್ದರೆ ಇದನ್ನೂ ತಿಳಿದಿರಿ: ಅಲ್ಲಿನ ಉನ್ನತ ವಿಭಾಗದ ತಂಡ ಪಂದ್ಯಗಳು ಶುರುವಾಗುವುದೇ ಮೂರು ಡಬಲ್ಸ್ ಪಂದ್ಯಗಳಿಂದ. ಅದರಲ್ಲಿ ಎರಡು ಗೆದ್ದ ತಂಡಕ್ಕೆ ಮೊದಲ ಅಂಕ. ನೆಟ್‌ನಲ್ಲಿ ನಿಲ್ಲಲು ಬಾರದ ಹುಡುಗನನ್ನು ತೆಗೆದುಕೊಳ್ಳುವ ಮುನ್ನ ಅಲ್ಲಿನ ಕೋಚ್‌ಗಳು ಎರಡು ಸಲ ಯೋಚಿಸುತ್ತಾರೆ.

ರೋಹನ್ ಬೋಪಣ್ಣ ಅವರ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ, ನಾನೂ ಕೊಡುತ್ತೇನೆ. ಕೊಡಗಿನ ಕಾಫಿ ತೋಟದ ಮನೆಯ ಹುಡುಗ. ವೃತ್ತಿಪರ ಆಟಕ್ಕೆ ಬಂದದ್ದು 2003ರಲ್ಲಿ. ಸಿಂಗಲ್ಸ್‌ನಲ್ಲಿ ಮೊದಲ 200ರೊಳಗೆ ಅವರು ಎಂದೂ ಬರಲಿಲ್ಲ. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜತೆ ಅಮೆರಿಕ ಓಪನ್ ಫೈನಲ್ ತಲುಪಿ ಬ್ರಯಾನ್ ಸಹೋದರರಿಗೆ ಎರಡು ಟೈಬ್ರೇಕ್‌ಗಳಲ್ಲಿ ಸೋತರು. 2017ರಲ್ಲಿ ಗೇಬ್ರಿಯೆಲಾ ದಬ್ರೋವ್‌ಸ್ಕಿ ಜತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಪುರುಷರ ಡಬಲ್ಸ್‌ನ ಮೊದಲ ಗ್ರ್ಯಾಂಡ್‌ಸ್ಲಾಮ್ ದಕ್ಕಿದ್ದು 2024ರ ಜನವರಿಯಲ್ಲಿ, ಮ್ಯಾಥ್ಯೂ ಎಬ್ಡೆನ್ ಜತೆ ಆಸ್ಟ್ರೇಲಿಯಾ ಓಪನ್‌ನಲ್ಲಿ. ಆಗ ವಯಸ್ಸು 43. ವಿಶ್ವದ ಅಗ್ರಸ್ಥಾನವೂ ಅದೇ ಟೂರ್ನಿಯಿಂದ ಬಂತು, ಡಬಲ್ಸ್‌ನಲ್ಲಿ ಮೊದಲ ಬಾರಿಗೆ ಆ ಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರ ಎಂಬ ದಾಖಲೆಯೊಂದಿಗೆ. 2003ರಿಂದ 2024ಕ್ಕೆ 21 ವರ್ಷ. ಆ ದಾರಿಯಲ್ಲಿ ಅವರು ಡೇವಿಸ್ ಕಪ್‌ನಲ್ಲಿ ದೇಶಕ್ಕಾಗಿ ಸಿಂಗಲ್ಸ್ ಕೂಡ ಆಡಿದರು. ನಿಮ್ಮ ಮಗನಿಗೆ ಈ ಕಥೆ ಹೇಳುವಾಗ 2024ರ ಟ್ರೋಫಿಯ ಜತೆ ಆ 21 ವರ್ಷವನ್ನೂ ಹೇಳಿ. ಮೊಣಕಾಲಿನ ಮೃದ್ವಸ್ಥಿ ಸವೆದ ಮೇಲೂ ಅವರು ಯೋಗ ಹಿಡಿದು ಆಟ ಉಳಿಸಿಕೊಂಡದ್ದನ್ನೂ ಹೇಳಿ.

ಅಭ್ಯಾಸದ ಮಾತಿಗೆ ಬಂದರೆ, ಡಬಲ್ಸ್ ನಮ್ಮ ಸೀಮೆಗೆ ಹೇಳಿ ಮಾಡಿಸಿದ ಆಟ ಎಂಬುದು ನನ್ನ ನಂಬಿಕೆ. ಇಲ್ಲಿ ಕೋರ್ಟುಗಳು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಟ್ಟ ಗಂಟೆಗಳು ಅದಕ್ಕೂ ಕಡಿಮೆ. ಆಗುಂಬೆ ಕಡೆಯಿಂದ ಮೋಡ ಏರಿತೆಂದರೆ ನಿಂತ ನೀರನ್ನು ಗುಡಿಸಿ ಅಂಗಳ ಒಣಗಿಸುವಷ್ಟರಲ್ಲೇ ಅರ್ಧ ಬೆಳಗು ಕಳೆಯುತ್ತದೆ. ಸಿಕ್ಕ ಮುಕ್ಕಾಲು ಗಂಟೆಯಲ್ಲಿ ಇಬ್ಬರು ಆಡುವ ಅಂಗಳದಲ್ಲಿ ನಾಲ್ವರು ಆಡಿದರೆ ನಾಲ್ವರಿಗೂ ಕಲಿಕೆ.

ನಾನು ಮಾಡಿಸುವುದು ಇಷ್ಟು. ಒಬ್ಬ ಸರ್ವ್, ಒಬ್ಬ ರಿಟರ್ನ್, ಎರಡೂ ಕಡೆ ನೆಟ್‌ನಲ್ಲಿ ಒಬ್ಬೊಬ್ಬ. ಮೊದಲ ಹದಿನೈದು ನಿಮಿಷ ರಿಟರ್ನ್ ಅಡ್ಡಕ್ಕೇ ಹೋಗಬೇಕು, ಸರ್ವ್ ಮಾಡಿದವನ ಕಾಲಬುಡಕ್ಕೆ. ಅಡ್ಡಕ್ಕೆ ಏಕೆಂದರೆ ನೆಟ್ ನಡುವಿನಲ್ಲಿ ಮೂರು ಅಡಿ, ಕಂಬದ ಬಳಿ ಮೂರೂವರೆ. ಅಡ್ಡ ಹೊಡೆತಕ್ಕೆ ತಗ್ಗಿನ ಜಾಗವೂ ಸಿಗುತ್ತದೆ, ಓಡಲು ಹೆಚ್ಚು ಉದ್ದವೂ ಸಿಗುತ್ತದೆ. ನೆಟ್‌ನವನು ಅಡ್ಡ ಬಂದು ಚೆಂಡು ಕದಿಯಲು ನೋಡಿದರೆ ನೋಡಲಿ, ಅದನ್ನು ನೋಡಿಯೂ ಕೈ ನಡುಗದೆ ಹೊಡೆಯುವುದೇ ಪಾಠ. ಎರಡನೇ ಹದಿನೈದು ನಿಮಿಷ ಎರಡನೇ ಸರ್ವ್ ಮಾತ್ರ. ಮೆತ್ತಗಿನ ಎರಡನೇ ಸರ್ವ್ ಸಿಂಗಲ್ಸ್‌ನಲ್ಲಿ ಹೇಗೋ ತಪ್ಪಿಸಿಕೊಳ್ಳಬಹುದು. ಡಬಲ್ಸ್‌ನಲ್ಲಿ ಅದರ ಪೆಟ್ಟು ನೆಟ್‌ನಲ್ಲಿ ನಿಂತ ಗೆಳೆಯನ ಎದೆಗೆ ಬೀಳುತ್ತದೆ. ಆ ಅಂಜಿಕೆಯಿಂದಲೇ ಹುಡುಗರು ಚೆಂಡಿಗೆ ಸುತ್ತು ಕೊಟ್ಟು ಎತ್ತರಕ್ಕೆ ಪುಟಿಸುವುದನ್ನು ಕಲಿಯುತ್ತಾರೆ. ಉಳಿದ ಹದಿನೈದು ನಿಮಿಷ 40-40ರ ಅಂಕ ಮಾತ್ರ, ಮತ್ತೆ ಮತ್ತೆ.

ಹೀಗೆ ಎರಡು ತಿಂಗಳು ಮಾಡಿದ ಹುಡುಗ ಸಿಂಗಲ್ಸ್‌ಗೆ ಮರಳಿದಾಗ ಅವನ ರಿಟರ್ನ್ ತಗ್ಗಾಗಿರುತ್ತದೆ, ಎರಡನೇ ಸರ್ವ್ ಗಟ್ಟಿಯಾಗಿರುತ್ತದೆ, ನೆಟ್‌ಗೆ ಬರಲು ಹೆದರಿಕೆ ಹೋಗಿರುತ್ತದೆ. ನಿಮ್ಮ ಮಗ ಮೊದಲ ಸುತ್ತುಗಳಲ್ಲಿ ಸೋಲುತ್ತಿರುವುದು ಯಾವ ಹೊಡೆತದಲ್ಲಿ ಎಂದು ಕೋಚ್ ಅವರನ್ನು ಕೇಳಿ. ಉತ್ತರ ಈ ಮೂರರಲ್ಲೊಂದಾಗಿದ್ದರೆ ಅವರ ಜತೆ ವಾದ ಮಾಡುವ ಅಗತ್ಯವೇ ಬೀಳದು, ಡಬಲ್ಸ್ ಅಭ್ಯಾಸವನ್ನು ಅದರ ಮದ್ದೆಂದು ಅವರೇ ಒಪ್ಪುತ್ತಾರೆ.

ಕೊನೆಯದಾಗಿ ಮಂಗಳೂರಿಗೆ ಹೊರಟ ಗೆಳೆಯನ ವಿಷಯ. ಹೊಸ ಜತೆಗಾರನನ್ನು ಹುಡುಕುವಾಗ ಹೆಚ್ಚಿನವರು ಮೊದಲು ರ‍್ಯಾಂಕಿಂಗ್ ನೋಡುತ್ತಾರೆ. ಡ್ರಾಕ್ಕೆ ಸೇರಲು ಅದು ಬೇಕು, ಒಪ್ಪುತ್ತೇನೆ. ಆದರೆ ಮೊದಲು ಕೇಳಬೇಕಾದದ್ದು, ನೀನು ಯಾವ ಅಂಕಣದಲ್ಲಿ ನಿಂತು ಸರ್ವ್ ಎದುರಿಸುತ್ತೀ ಎಂದು. ಸೆಟ್ ಶುರುವಾದ ಮೇಲೆ ಅದನ್ನು ಬದಲಿಸುವಂತಿಲ್ಲ, ಇಬ್ಬರೂ ಎಡವೇ ಬೇಕೆಂದರೆ ಜೋಡಿ ಅಲ್ಲಿಗೇ ನಿಂತಿತು. ಒಬ್ಬ ಎಡಗೈ, ಒಬ್ಬ ಬಲಗೈ ಸಿಕ್ಕರೆ ಬಿಡಬೇಡಿ: ಬದಿ ಬದಲಾಗುವಾಗ ಯಾರ ಕಣ್ಣಿಗೆ ಬಿಸಿಲು ಬೀಳದೋ ಅವರ ಸರ್ವ್ ಬರುವಂತೆ ಸೆಟ್‌ನ ಮೊದಲೇ ಸರದಿ ಹೊಂದಿಸಿಕೊಳ್ಳಬಹುದು. ಆಮೇಲೆ ಒಂದು ವಾರ ಇಬ್ಬರನ್ನೂ ಹತ್ತು ಅಂಕದ ಟೈಬ್ರೇಕ್‌ಗಳನ್ನು ಮಾತ್ರ ಆಡಿಸಿ, ನೀವು ಬೇಲಿಯಾಚೆ ಕುಳಿತು ನೋಡಿ. ಸ್ಕೋರ್ ಬರೆಯಬೇಡಿ. ನಿಮ್ಮ ಮಗ ಸುಲಭದ ವಾಲಿಯೊಂದನ್ನು (ಚೆಂಡು ಪುಟಿಯುವ ಮುನ್ನವೇ ಹೊಡೆಯುವ ಹೊಡೆತ) ನೆಟ್‌ಗೆ ಹೊಡೆದಾಗ ಆ ಹುಡುಗ ಮುಖ ತಿರುಗಿಸಿ ಬೇಸ್‌ಲೈನ್ ಕಡೆಗೆ ನಡೆಯುತ್ತಾನೋ, ಹತ್ತಿರ ಬಂದು ಕೈ ತಟ್ಟಿ ಮುಂದಿನ ಸರ್ವ್ ಎಲ್ಲಿಗೆ ಎಂದು ಕೇಳುತ್ತಾನೋ, ಅದೊಂದನ್ನು ಗಮನಿಸಿ. ಕೈ ತಟ್ಟುವ ಹುಡುಗ ಸಿಕ್ಕ ದಿನ ಇಬ್ಬರ ಹೆಸರನ್ನೂ ಒಟ್ಟಿಗೆ ಕೊಡಿ, ಕನಿಷ್ಠ ನಾಲ್ಕೈದು ಟೂರ್ನಿಯವರೆಗೆ ಜೋಡಿ ಬದಲಿಸಬೇಡಿ. ಹಳೆಯ ಗೆಳೆಯ ರಜೆಗೆ ಬಂದಾಗ ಎದುರಿಗೆ ನಿಲ್ಲಲಿ. ನಿಮ್ಮ ಮಗನ ಸರ್ವ್ ಎಲ್ಲಿಗೆ ಬೀಳುತ್ತದೆಂದು ಅವನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ, ಅಭ್ಯಾಸಕ್ಕೆ ಅಂಥ ಎದುರಾಳಿಯೇ ಬೇಕು.